ಒಂದೆಲಗ: ಗುರುತು ಹಿಡಿಯಿರಿ, ಜಾಗ ನೋಡಿ, ಆಮೇಲೆ ಕೊಯ್ಯಿರಿ

ಪರೀಕ್ಷೆ ಹತ್ತಿರ ಬಂದರೆ ಮಕ್ಕಳ ನೆನಪಿನ ಶಕ್ತಿಗೆಂದು ‘ಬ್ರಾಹ್ಮಿ’ ಸೊಪ್ಪು ಹುಡುಕುವ ಮನೆಗಳು ಹಲವು. ಆದರೆ ಈ ಹೆಸರಿನಿಂದ ಕರೆಯುವ ಗಿಡಗಳು ಎರಡು. ಒಂದು ಒಂದೆಲಗ, ಅಂದರೆ ಸೆಂಟೆಲ್ಲಾ ಏಷಿಯಾಟಿಕಾ. ಇನ್ನೊಂದು ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ. ಗುರುತು ತಿಳಿಯದೆ ಯಾವುದನ್ನೂ ಮಗುವಿನ ಬಾಯಿಗೆ ಹಾಕಬೇಡಿ.

ಒಂದೆಲಗವು ಕೊತ್ತಂಬರಿ, ಜೀರಿಗೆಯ ಕುಟುಂಬಕ್ಕೆ ಸೇರಿದ ಗಿಡ. ತೆಳ್ಳಗಿನ ಬಳ್ಳಿ ನೆಲಕ್ಕಂಟಿ ಹರಿಯುತ್ತದೆ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಅಲ್ಲಿಂದಲೇ ಉದ್ದ ತೊಟ್ಟಿನ ಎಲೆಗಳು ಮೇಲೇಳುತ್ತವೆ. ಎಲೆ 2ರಿಂದ 5 ಸೆಂ.ಮೀ. ಅಗಲ, ಮೂತ್ರಪಿಂಡದ ಆಕಾರ, ಅಂಚು ಕಚ್ಚುಕಚ್ಚು. ತೊಟ್ಟು ಎಲೆಯ ಸೀಳಿನಲ್ಲಿ ಸೇರಿರುತ್ತದೆ. ನಡುಮಧ್ಯಕ್ಕೆ ಕೊಡೆಯ ಕಡ್ಡಿಯಂತೆ ಸೇರಿದ್ದರೆ ಅದು ಬೇರೆ ಗಿಡ. ನಸುಗೆಂಪು ಹೂಗಳು ತೀರ ಚಿಕ್ಕವು, ಎಲೆಗಳ ಬುಡದಲ್ಲಿ ಅಡಗಿರುತ್ತವೆ. ನೀರುಬ್ರಾಹ್ಮಿಯ ಎಲೆಗಳಾದರೋ ಸಣ್ಣವು, ದಪ್ಪ, ಜೋಡಿ ಜೋಡಿಯಾಗಿರುತ್ತವೆ. ರುಚಿ ಬಹಳ ಕಹಿ.

ಇದು ಮೆಟ್ರಿಯ ಒಣ ಹೊಲದಲ್ಲಿ ಬೆಳೆಯುವ ಗಿಡವಲ್ಲ. ಕಾಲುವೆಯ ಅಂಚು, ಗದ್ದೆಯ ಬದು, ಬಚ್ಚಲ ನೀರು ಹರಿಯುವ ತಂಪು ಜಾಗವೇ ಇದಕ್ಕೆ ಬೇಕು. ಎಚ್ಚರಿಕೆ ಬೇಕಾದದ್ದೂ ಇಲ್ಲಿಯೇ. ಭತ್ತಕ್ಕೆ ಹೊಡೆದ ಔಷಧಿ, ಚರಂಡಿಯ ಹೊಲಸು ಎಲೆಗೆ ತಗಲುತ್ತದೆ. ದನ, ಕುರಿ ಮೇಯುವ ಜೌಗಿನ ಸೊಪ್ಪಿನಲ್ಲಿ ಯಕೃತ್ತಿನ ಹುಳುವಿನ ಮರಿಗಳು ಅಂಟಿರಬಹುದು. ಬರೀ ನೀರಲ್ಲಿ ತೊಳೆದರೆ ಅವು ಹೋಗುವ ಭರವಸೆಯಿಲ್ಲ. ಹಲಾಲ್ ಆದ ಆಹಾರ ತಯ್ಯಿಬ್ ಕೂಡ ಆಗಿರಬೇಕಲ್ಲವೇ? ಅಂಥ ಜಾಗದ ಸೊಪ್ಪನ್ನು ಹಸಿಯಾಗಿ ಅರೆದು ಕುಡಿಸಬೇಡಿ.

ಸುಲಭ ದಾರಿಯೊಂದಿದೆ. ಬೇರುಳ್ಳ ಎರಡು ಗೆಣ್ಣು ತಂದು ಮನೆಯ ಕುಂಡದಲ್ಲಿ ನೆಡಿ. ಅರೆನೆರಳು, ಶುದ್ಧ ನೀರು ಸಾಕು. ಹೊಸದಾಗಿ ಚಿಗುರಿದ ಎಲೆಗಳನ್ನು ಆಗಾಗ ಚಟ್ನಿಗೋ ತಂಬುಳಿಗೋ ಬಳಸಿ.

ಆಹಾರವಾಗಿ ಸ್ವಲ್ಪ ತಿನ್ನುವುದೇ ಬೇರೆ, ಔಷಧಿಯಾಗಿ ದಿನವೂ ಸೇವಿಸುವುದೇ ಬೇರೆ. ಬಹಳ ದಿನ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡಿದೆ. ಗರ್ಭಿಣಿಯರು, ಕಾಮಾಲೆಯಾದವರು, ನಿದ್ರೆ ಮಾತ್ರೆ ನುಂಗುವವರು ಹಕೀಮರನ್ನು ಕೇಳದೆ ಔಷಧಿಯಾಗಿ ಬಳಸಬಾರದು. ಮೂರ್ಛೆರೋಗದ ಮಕ್ಕಳ ಮಾತ್ರೆ ನಿಲ್ಲಿಸಿ ಈ ರಸ ಕೊಡುವುದಂತೂ ಅಪಾಯ.

ಮಗುವಿನ ನೆನಪಿಗೆ ಮೊದಲ ಔಷಧಿ ಸಾಕಷ್ಟು ನಿದ್ದೆ, ಹೊಟ್ಟೆತುಂಬ ಊಟ. ಒಂದೆಲಗ ಅದರ ಜೊತೆಗಿರಲಿ. ಶಿಫಾ ಕೊಡುವವನು ಅಲ್ಲಾಹನು. ಎಚ್ಚರ ವಹಿಸುವುದು ನಮ್ಮ ಹೊಣೆ.