ನಕ್ಷತ್ರನೌಕಾ ನಿರ್ಮಾಣವೆಂಬ ಲೆಕ್ಕದ ಪಾಠ

ಆಟವು ಪಾಠಕ್ಕೆ ಶತ್ರುವೆಂದು ನಮ್ಮಲ್ಲಿ ಅನೇಕರು ಭಾವಿಸುವುದುಂಟು. ಅದರಲ್ಲಿಯೂ ದಾಳವೆಂಬ ಮಾತು ಕಿವಿಗೆ ಬಿದ್ದೊಡನೆ ಧರ್ಮರಾಯನ ಜೂಜು ನೆನಪಿಗೆ ಬಂದು, ತಾಯಿತಂದೆಗಳ ಹುಬ್ಬು ಗಂಟಿಕ್ಕುವುದು ಸಹಜವೇ ಆಗಿದೆ. ಆದರೆ ಪಣವನ್ನೊಡ್ಡದೆ, ಹಣವನ್ನು ಕಳೆಯದೆ, ಬುದ್ಧಿಯನ್ನೂ ಮನಸ್ಸಾಕ್ಷಿಯನ್ನೂ ಏಕಕಾಲದಲ್ಲಿ ಪರೀಕ್ಷಿಸುವ ದಾಳದಾಟಗಳೂ ಇರುವುವು. ಅಂಥದೊಂದರಲ್ಲಿ ಬರುವ ನೌಕಾನಿರ್ಮಾಣದ ಕ್ರಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ಹಿರಿಯರಿಗೂ ಇಲ್ಲಿ ವಿವರಿಸಲಿಚ್ಛಿಸುತ್ತೇವೆ. ಮನೆಯ ಜಮಾಖರ್ಚನ್ನು ಬರೆದು ಬಲ್ಲವರಿಗೆ ಇದು ಕಠಿಣವಾಗಿ ತೋರಲಾರದು.

ಆ ಆಟದ ಹೆಸರು ‘ಟ್ರಾವೆಲರ್’. ಇದನ್ನು ಮಾರ್ಕ್ ಮಿಲ್ಲರ್ ಎಂಬವರು ರಚಿಸಿ, ಅಮೆರಿಕದ ಇಲಿನಾಯ್ ಸಂಸ್ಥಾನದ ಗೇಮ್ ಡಿಸೈನರ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯ ಮೂಲಕ 1977ರಲ್ಲಿ ಮೂರು ಸಣ್ಣ ಪುಸ್ತಕಗಳಾಗಿ ಹೊರಡಿಸಿದರು. 1981ರಲ್ಲಿ ಅದರ ತಿದ್ದಿದ ಆವೃತ್ತಿಯು ಬಂದಿತು. ಸಂಸ್ಥೆಯು 1996ರಲ್ಲಿ ಮುಚ್ಚಿಹೋದರೂ ಆಟವು ಉಳಿದುಕೊಂಡಿದೆ. ಮೇಜಿನ ಸುತ್ತಲೂ ನಾಲ್ಕಾರು ಮಂದಿ ಕುಳಿತು, ಒಬ್ಬೊಬ್ಬರು ಒಬ್ಬೊಬ್ಬ ಯಾತ್ರಿಕನ ಪಾತ್ರವನ್ನು ವಹಿಸಿ, ‘ನಾನು ಹೀಗೆ ಮಾಡುತ್ತೇನೆ’ ಎಂದು ಬಾಯಿಂದ ಹೇಳುತ್ತಾ ಕಥೆಯನ್ನು ನಡೆಯಿಸುವರು. ಒಬ್ಬರು ಮಧ್ಯಸ್ಥರಾಗಿ ಲೋಕದ ಸಂಗತಿಗಳನ್ನು ತಿಳಿಸುವರು; ಸಂದೇಹವಿದ್ದಲ್ಲಿ ಆರು ಮುಖದ ಎರಡು ದಾಳಗಳು ತೀರ್ಪು ಹೇಳುವುವು. ಮೂರರಲ್ಲಿ ಎರಡನೆಯ ಪುಸ್ತಕವು ನಕ್ಷತ್ರನೌಕೆಗಳನ್ನು ಕುರಿತದ್ದು. ಮುಂದೆ ಹೇಳುವ ಅಂಕೆಗಳೆಲ್ಲ ಆ 1981ರ ಆವೃತ್ತಿಯವು.

1. ಅಳತೆ

ಮನೆಯನ್ನು ಕಟ್ಟುವವರು ಮೊದಲು ನಿವೇಶನವನ್ನು ಅಳೆಯುವಂತೆ, ನೌಕೆಯನ್ನು ಕಟ್ಟುವವರು ಮೊದಲು ಒಡಲಿನ ಗಾತ್ರವನ್ನು ಗೊತ್ತುಮಾಡತಕ್ಕದ್ದು. ಇಲ್ಲಿ ‘ಟನ್’ ಎಂಬುದು ತೂಕವಲ್ಲ, ಸ್ಥಳದ ಅಳತೆ. ಒಂದು ಟನ್ ದ್ರವ ಜಲಜನಕವು ಎಷ್ಟು ಜಾಗವನ್ನು ಹಿಡಿಯುವುದೋ ಅಷ್ಟು ಜಾಗಕ್ಕೆ ಒಂದು ಟನ್ ಎಂದು ಹೆಸರು. ದ್ರವ ಜಲಜನಕವು ಬಹು ಹಗುರವಾದ ವಸ್ತು. ಒಂದು ಘನ ಮೀಟರಿನಷ್ಟು ತೂಗಿದರೆ ಸುಮಾರು 71 ಕಿಲೋಗ್ರಾಂ ಮಾತ್ರ. ಆದುದರಿಂದ ಒಂದು ಟನ್ನಿಗೆ ಸುಮಾರು 14 ಘನ ಮೀಟರು ಸ್ಥಳವಾಗುವುದು. ನೌಕೆಗೆ ಇಂಧನವು ಈ ಜಲಜನಕವೇ ಆದುದರಿಂದ ಇಂಥ ಅಳತೆಯನ್ನು ಆರಿಸಿಕೊಂಡಿದ್ದಾರೆ.

2. ಹಂಚಿಕೆ

ವ್ಯಾಪಾರದ ಸಾಮಾನ್ಯ ನೌಕೆಯೊಂದನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಅದರ ಒಡಲು 200 ಟನ್. ಅದನ್ನು ಹೀಗೆ ಹಂಚಿದ್ದಾರೆ:

ಲಂಘನಯಂತ್ರ 10 ಟನ್
ಚಾಲನಯಂತ್ರ 1 ಟನ್
ಶಕ್ತಿಯಂತ್ರ 4 ಟನ್
ಇಂಧನ 30 ಟನ್
ಚಾಲಕರ ಕೋಣೆ 20 ಟನ್
ಗಣಕಯಂತ್ರ 1 ಟನ್
ಕೊಠಡಿಗಳು 10ಕ್ಕೆ 40 ಟನ್
ಶೀತಶಯ್ಯೆಗಳು 20ಕ್ಕೆ 10 ಟನ್
ಆಯುಧಗಳ ನಿಯಂತ್ರಣಕ್ಕೆ 2 ಟನ್
ಉಳಿದ ಸರಕಿನ ಸ್ಥಳ 82 ಟನ್

ಕೂಡಿಸಿ ನೋಡಿರಿ, ಸರಿಯಾಗಿ 200 ಆಗುವುದು. ಒಂದು ಟನ್ನನ್ನು ಒಂದೆಡೆ ಹೆಚ್ಚಿಸಿದರೆ ಇನ್ನೊಂದೆಡೆ ಒಂದು ಟನ್ ಕಡಿಮೆಯಾಗಲೇಬೇಕು. ಈ ಪಾಠದ ಮೊದಲನೆಯ ಸೂತ್ರವೇ ಇದು.

ಯಂತ್ರಗಳು ಮೂರು ಬಗೆ. ಲಂಘನಯಂತ್ರವು ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿಯಿಸತಕ್ಕದ್ದು. ಇದು ಕೇವಲ ಕಲ್ಪನೆ; ಭೌತಶಾಸ್ತ್ರವು ಇಂಥ ಯಂತ್ರವನ್ನು ಅರಿಯದು. ಮೊದಲನೆಯ ದರ್ಜೆಯ ಲಂಘನದಲ್ಲಿ ಒಂದು ಪಾರ್ಸೆಕ್, ಎಂದರೆ 3.26 ಜ್ಯೋತಿರ್ವರ್ಷಗಳ ದೂರವನ್ನು ದಾಟಬಹುದು. ದೂರವು ಎಷ್ಟಾದರೂ ಕಾಲವು ಸುಮಾರು ಒಂದು ವಾರವೇ. ದರ್ಜೆ ಒಂದಕ್ಕೆ ಒಡಲಿನ ಹತ್ತನೆಯ ಒಂದು ಪಾಲು ಇಂಧನ ಬೇಕು. ಶಕ್ತಿಯಂತ್ರಕ್ಕೆ ದರ್ಜೆ ಒಂದಕ್ಕೆ 10 ಟನ್ ಇಂಧನ ಬೇಕು. ಆದುದರಿಂದಲೇ 20 ಮತ್ತು 10 ಸೇರಿ 30 ಆಯಿತು.

ಚಾಲನಯಂತ್ರದಲ್ಲಿ ನಿಜವಾದ ಶಾಸ್ತ್ರವುಂಟು. ದಾರಿಯ ಮೊದಲ ಅರ್ಧದಲ್ಲಿ ವೇಗವನ್ನು ಹೆಚ್ಚಿಸುತ್ತಾ ಹೋಗಿ, ನಡುವೆ ನೌಕೆಯನ್ನು ತಿರುಗಿಸಿ, ಉಳಿದರ್ಧದಲ್ಲಿ ಅದೇ ಪ್ರಮಾಣದಿಂದ ಕುಗ್ಗಿಸಬೇಕು. ದೂರವನ್ನು ವೇಗೋತ್ಕರ್ಷದಿಂದ ಭಾಗಿಸಿ, ಬಂದುದರ ವರ್ಗಮೂಲವನ್ನು ತೆಗೆದು ಇಮ್ಮಡಿಸಿದರೆ ಪ್ರಯಾಣದ ಕಾಲವು ದೊರೆಯುವುದು. ಭೂಮಿಯ ಗುರುತ್ವಕ್ಕೆ ಸಮನಾದ ವೇಗೋತ್ಕರ್ಷದಿಂದ 3,84,000 ಕಿಲೋಮೀಟರು ದೂರದ ಚಂದ್ರನನ್ನು ಮುಟ್ಟಲು ಸುಮಾರು ಮೂರೂವರೆ ಗಂಟೆ ಸಾಕು. ವರ್ಗಮೂಲವನ್ನು ಏತಕ್ಕೆ ಕಲಿಯಬೇಕೆಂದು ಕೇಳುವ ಹುಡುಗಿಗೆ ಈ ಒಂದು ಲೆಕ್ಕವು ತಕ್ಕ ಉತ್ತರವೆಂದು ನಮ್ಮ ಅಭಿಪ್ರಾಯ.

3. ಸಾಲ ಮತ್ತು ಸಂಪಾದನೆ

ಈ ನೌಕೆಯ ಬೆಲೆಯು, ಮಾದರಿಯ ನಕ್ಷೆಯಂತೆ ಕಟ್ಟಿದುದಕ್ಕಾಗಿ ನೂರಕ್ಕೆ 10 ಸೋಡಿಯನ್ನು ಕಳೆದು, 3 ಕೋಟಿ 70 ಲಕ್ಷದ 80 ಸಾವಿರ ಕ್ರೆಡಿಟ್. ಕ್ರೆಡಿಟ್ ಎಂಬುದು ಆಟದೊಳಗಿನ ನಾಣ್ಯ. ಇಷ್ಟು ಹಣವು ಯಾರ ಕೈಯಲ್ಲಿದ್ದೀತು? ಆದುದರಿಂದ ಬೆಲೆಯ ಐದನೆಯ ಒಂದು ಪಾಲನ್ನು ಮುಂಗಡವಾಗಿ ಕೊಟ್ಟು, ಆಮೇಲೆ ತಿಂಗಳೊಂದಕ್ಕೆ ಬೆಲೆಯ 240ನೆಯ ಒಂದು ಪಾಲಿನಂತೆ 480 ತಿಂಗಳು, ಎಂದರೆ 40 ವರ್ಷ, ಕಂತು ಕಟ್ಟಬೇಕು. ಕಡೆಗೆ ನೂರು ಕೊಟ್ಟು ಕೊಳ್ಳಬಹುದಾದುದಕ್ಕೆ ಇನ್ನೂರ ಇಪ್ಪತ್ತು ಕೊಟ್ಟಂತಾಗುವುದು. ಮನೆಗಾಗಿ ಸಾಲಮಾಡಿದ ಪೋಷಕರಿಗೆ ಇದರ ರುಚಿಯನ್ನು ನಾವು ತಿಳಿಸಬೇಕಾದುದಿಲ್ಲ.

ತಿಂಗಳಿಗೆ ಎರಡು ಯಾತ್ರೆಯೆಂದು ಇಟ್ಟುಕೊಳ್ಳೋಣ. ಸರಕಿಗೆ ಟನ್ನಿಗೆ 1,000; ಕೊಠಡಿಯಲ್ಲಿ ಸುಖವಾಗಿ ಪ್ರಯಾಣಮಾಡುವವನಿಗೆ 10,000; ಶೀತಶಯ್ಯೆಯಲ್ಲಿ ಮಲಗಿ ಹೋಗುವವನಿಗೆ 1,000. ನಾಲ್ಕು ಕೊಠಡಿಗಳು ಚಾಲಕ, ಯಂತ್ರಜ್ಞ, ವೈದ್ಯ, ಉಪಚಾರಕ ಎಂಬ ನಾಲ್ವರು ಸಿಬ್ಬಂದಿಗೆ ಹೋದರೆ ಆರು ಉಳಿಯುವುವು. ಎಲ್ಲವೂ ತುಂಬಿದ್ದರೆ ಯಾತ್ರೆಗೆ 82,000, 60,000 ಮತ್ತು 20,000, ಒಟ್ಟು 1,62,000, ತಿಂಗಳಿಗೆ 3,24,000.

ಖರ್ಚೋ: ಕಂತು 1,54,500, ಎರಡು ಸಲವೂ ತೊಟ್ಟಿಯನ್ನು ಪೂರಾ ತುಂಬಿಸಿದರೆ ಶುದ್ಧ ಇಂಧನಕ್ಕೆ 30,000, ಗಾಳಿ, ನೀರು, ಆಹಾರಕ್ಕೆ 44,000, ಸಂಬಳ 15,000, ವಾರ್ಷಿಕ ದುರಸ್ತಿಯ ಪಾಲು 3,090. ಒಟ್ಟು 2,46,590. ಉಳಿತಾಯ 77,410. ನೋಡುವುದಕ್ಕೆ ಚೆನ್ನಾಗಿದೆ. ಆದರೆ ಆದಾಯದಲ್ಲಿ ನಾಲ್ಕನೆಯ ಒಂದು ಪಾಲು ಬಾರದೆಹೋದರೆ ಕೈಗೆ ಸಿಕ್ಕುವುದು 2,43,000 ಮಾತ್ರ, ಖರ್ಚಿಗೆ ಸಾಲದು. ತುಂಬಿದ ತಿಂಗಳನ್ನು ನಂಬಿ ಕಂತನ್ನು ಒಪ್ಪಿಕೊಂಡವರು ಬರಿದಾದ ತಿಂಗಳಲ್ಲಿ ಏನು ಮಾಡುವರೆಂಬುದೇ ಈ ಆಟದ ಅರ್ಧ ಕಥೆ.

4. ದೂರದ ಆಸೆ

ಸ್ವಂತ ಯೋಚನೆಯಿಂದ ನೌಕೆಯನ್ನು ಕಟ್ಟುವವರೆಲ್ಲರೂ ಮೊದಲು ಬಯಸುವುದು ಇಮ್ಮಡಿ ದೂರದ ಲಂಘನವನ್ನು. ಅದೇ 200 ಟನ್ನಿನ ಒಡಲಿನಲ್ಲಿ ಇದನ್ನು ಸಾಧಿಸಬೇಕಾದರೆ ಲಂಘನಯಂತ್ರ 15 ಟನ್ನೂ ಶಕ್ತಿಯಂತ್ರ 7 ಟನ್ನೂ ಇಂಧನ 60 ಟನ್ನೂ ಆಗಬೇಕು. ಎಂದರೆ 38 ಟನ್ ಹೆಚ್ಚು. ಸರಕಿನ ಸ್ಥಳವು 82ರಿಂದ 44ಕ್ಕೆ ಇಳಿಯುವುದು. ಮಾದರಿಯ ಒಡಲಿನ ಯಂತ್ರಭಾಗದಲ್ಲಿ 15 ಟನ್ನಿಗೆ ಮಾತ್ರ ಎಡೆಯಿರುವುದರಿಂದ ಹೊಸ ಒಡಲನ್ನೇ ಮಾಡಿಸಬೇಕಾಗಿ ಬಂದು, ಸೋಡಿಯೂ ತಪ್ಪಿ, ಬೆಲೆಯು ಕಡಿಮೆಯೆಂದರೂ 7 ಕೋಟಿ 12 ಲಕ್ಷಕ್ಕೆ ಏರುವುದು. ತಿಂಗಳ ಕಂತು 2,96,000ಕ್ಕೂ ಮಿಕ್ಕುವುದು.

ಆದರೆ ಬಾಡಿಗೆಯು ದೂರಕ್ಕಲ್ಲ, ಲಂಘನಕ್ಕೆ ಎಂದು ನಿಯಮವಿದೆ. ಒಂದು ಪಾರ್ಸೆಕ್ ಹೋದರೂ ಎರಡು ಹೋದರೂ ಅದೇ ದರ. ಹೀಗೆ ನೌಕೆಯು ಪೂರ್ಣವಾಗಿ ತುಂಬಿದ್ದರೂ ತಿಂಗಳ ಆದಾಯವು 2,48,000, ಕಂತೊಂದಕ್ಕೇ ಸಾಲದು! ಇಂಥ ನೌಕೆಯವರು ಬರಿಯ ಬಾಡಿಗೆಯನ್ನು ನೆಚ್ಚದೆ, ಒಂದೆಡೆ ಅಗ್ಗವಾಗಿ ಕೊಂಡು ಇನ್ನೊಂದೆಡೆ ಹೆಚ್ಚಿಗೆ ಮಾರುವ ವ್ಯಾಪಾರವನ್ನೋ ಬೇರೆ ಸಾಹಸವನ್ನೋ ಮಾಡಲೇಬೇಕು. ದೂರ ಹೋಗಬೇಡವೆಂದು ನಾವು ಯಾವ ಹುಡುಗಿಗೂ ಹೇಳುವವರಲ್ಲ. ಹೋಗುವ ಮುಂಚೆ ಲೆಕ್ಕವನ್ನು ಬರೆದು ನೋಡೆಂದು ಮಾತ್ರ ಹೇಳುವೆವು.

5. ಶೀತಶಯ್ಯೆಯ ಪ್ರಶ್ನೆ

ಕಡೆಯದಾಗಿ, ಲೆಕ್ಕವು ಉತ್ತರ ಹೇಳಲಾರದ ವಿಷಯವೊಂದುಂಟು. ಬಡ ಪ್ರಯಾಣಿಕರನ್ನು ಶೀತದಿಂದ ಜಡಗೊಳಿಸಿ ಪೆಟ್ಟಿಗೆಯಲ್ಲಿ ಮಲಗಿಸಿ ಸಾಗಿಸುವರೆಂದು ಹೇಳಿದೆವಷ್ಟೆ. ಎಚ್ಚರಿಸುವಾಗ ಒಬ್ಬೊಬ್ಬನಿಗೂ ಎರಡು ದಾಳಗಳನ್ನು ಹಾಕಬೇಕು. ಮೊತ್ತವು 5 ಅಥವಾ ಅದಕ್ಕೆ ಮೇಲಾದರೆ ಬದುಕುವನು, ಇಲ್ಲವಾದರೆ ಇಲ್ಲ. ಎರಡು ದಾಳಗಳು ಬೀಳುವ 36 ಬಗೆಗಳಲ್ಲಿ 5ಕ್ಕೆ ಕೆಳಗಿನವು 6. ಆದುದರಿಂದ ಆರರಲ್ಲಿ ಒಬ್ಬನು ಏಳಲಾರನು. 20 ಮಂದಿಯಲ್ಲಿ ಸರಾಸರಿ ಮೂವರಿಗೂ ಹೆಚ್ಚು. ನುರಿತ ವೈದ್ಯನು ಬಳಿಯಲ್ಲಿದ್ದರೆ ಮೊತ್ತಕ್ಕೆ ಒಂದು ಸೇರುವುದರಿಂದ ಹನ್ನೆರಡರಲ್ಲಿ ಒಬ್ಬನೇ ಸಾಯುವನು. ದೇಹಬಲ ಕುಂದಿದವನಿಗೆ ಮೊತ್ತದಲ್ಲಿ ಒಂದು ಕಳೆಯುವುದರಿಂದ ಅಪಾಯವು ಇನ್ನೂ ಹೆಚ್ಚು.

ಈ 20 ಶಯ್ಯೆಗಳಿಂದ ಯಾತ್ರೆಗೆ 20,000 ಬಂದು, ಅವುಗಳ ಖರ್ಚು 2,000 ಹೋಗಿ, 18,000 ಉಳಿಯುವುದು. ಅದೇ 10 ಟನ್ನಿನಲ್ಲಿ ಸರಕನ್ನು ತುಂಬಿದರೆ 10,000 ಮಾತ್ರ. ಜಮಾಖರ್ಚಿನ ಪುಸ್ತಕವು ಶಯ್ಯೆಗಳನ್ನೇ ಇಡೆಂದು ಹೇಳುವುದು. ಏಳದೆ ಹೋದವನ ಹೆಸರನ್ನು ಬರೆಯಲು ಆ ಪುಸ್ತಕದಲ್ಲಿ ಅಂಕಣವಿಲ್ಲ. ಶಯ್ಯೆಗಳನ್ನು ತೆಗೆದುಹಾಕಿದರೆ ತಿಂಗಳಿಗೆ 16,000 ನಷ್ಟ. ತುಂಬಿದ ತಿಂಗಳಲ್ಲಿ ಆಗಲೂ 61,000ಕ್ಕೆ ಮೇಲೆ ಉಳಿತಾಯವಿರುವುದು. ಹಾಗೆಂದು ತೆಗೆದುಬಿಟ್ಟರೆ, 10,000 ಕೊಡಲಾರದ ಬಡವನು ತನ್ನ ಲೋಕದಲ್ಲಿಯೇ ಉಳಿಯಬೇಕಾದೀತು. ಆರರಲ್ಲಿ ಒಂದು ಪಾಲಿನ ಅಪಾಯವನ್ನು ತಿಳಿದೂ ಒಪ್ಪುವಷ್ಟು ಅವಸರವು ಅವನಿಗಿರಬಹುದು. ಶಯ್ಯೆಗಳನ್ನು ಅರ್ಧಕ್ಕಿಳಿಸಿ, ಒಳ್ಳೆಯ ವೈದ್ಯನನ್ನಿಟ್ಟುಕೊಂಡು, ದುರ್ಬಲರನ್ನು ಹತ್ತಿಸಿಕೊಳ್ಳದಿರಬಹುದು. ಅಥವಾ ಖಾಲಿಯಿರುವ ಕೊಠಡಿಯನ್ನು ಅಂಥವನಿಗೆ ಕಡಿಮೆಗೆ ಕೊಡಬಹುದು. ಯಾವುದನ್ನು ಆರಿಸಬೇಕೆಂದು ನಿಯಮದ ಪುಸ್ತಕವು ಹೇಳುವುದಿಲ್ಲ. ಮೇಜಿನ ಸುತ್ತ ಕುಳಿತವರೇ ವಾದಿಸಿ ನಿಶ್ಚಯಿಸಬೇಕು. ಇಂಥ ವಾದವನ್ನು ಹದಿನೈದು ವರ್ಷದ ಹುಡುಗಿಯರು ನಡೆಯಿಸಲಿ ಎಂಬುದೇ ನಮ್ಮ ಆಶೆ. ಮುಂದೆ ಆಸ್ಪತ್ರೆಯಲ್ಲಿಯೋ ಬ್ಯಾಂಕಿನಲ್ಲಿಯೋ ಕಾರ್ಖಾನೆಯಲ್ಲಿಯೋ ಅವರ ಮುಂದೆ ಬರುವ ಲೆಕ್ಕಗಳಲ್ಲಿ ಇಂಥ ಅಂಕಣವಿಲ್ಲದ ಹೆಸರುಗಳು ಇದ್ದೇ ಇರುವುವು.

ಅಭ್ಯಾಸಕ್ಕಾಗಿ

ಮನೆಯಲ್ಲಿ ಮಕ್ಕಳೊಡನೆ ಕುಳಿತು ಮಾಡುವುದಕ್ಕೆ ಮೂರು ಪ್ರಶ್ನೆಗಳನ್ನು ಕೊಡುತ್ತೇವೆ.

(1) ಮೊದಲನೆಯ ನೌಕೆಯಲ್ಲಿ ಪ್ರಯಾಣಿಕರ ಎರಡು ಕೊಠಡಿಗಳನ್ನು ತೆಗೆದು ಆ 8 ಟನ್ನನ್ನು ಸರಕಿಗೆ ಬಿಟ್ಟರೆ, ಕೊಠಡಿಗೆ ಯಾತ್ರೆಯೊಂದರ ಖರ್ಚು 2,000 ಎಂದಿಟ್ಟುಕೊಂಡು, ಲಾಭವೋ ನಷ್ಟವೋ ಹೇಳಿರಿ.

(2) ವೇಗೋತ್ಕರ್ಷವನ್ನು ಇಮ್ಮಡಿಸಿದರೆ ಚಂದ್ರನಿಗೆ ಹೋಗುವ ಕಾಲವು ಅರ್ಧವಾಗುವುದೇ? ಆಗದಿದ್ದರೆ ಏಕೆ?

(3) 20 ಶೀತಶಯ್ಯೆಗಳ ವಿಷಯದಲ್ಲಿ ನೀವು ಏನು ಮಾಡುವಿರಿ? ಕಾರಣಗಳನ್ನು ಕೊಡಿರಿ.

ಮೊದಲೆರಡಕ್ಕೆ ಉತ್ತರವು ಒಂದೊಂದೇ. ಮೂರನೆಯದಕ್ಕೆ ಮಗಳು ಕೊಡುವ ಉತ್ತರವನ್ನು ತಾಯಿತಂದೆಗಳು ನಡುವೆ ಬಾಯಿ ಹಾಕದೆ ಪೂರ್ತಿಯಾಗಿ ಕೇಳಬೇಕೆಂದು ಬೇಡುತ್ತೇವೆ.