ಜಾನ್ ಪೀಟರ್ ಆಲ್ಟ್‌ಗೆಲ್ಡ್ (1847–1902)

ಜರ್ಮನಿಯಲ್ಲಿ ಜನಿಸಿ, ಶೈಶವದಲ್ಲಿಯೇ ಮಾತಾಪಿತೃಗಳೊಡನೆ ಅಮೆರಿಕೆಯ ಒಹಾಯೊ ಪ್ರಾಂತಕ್ಕೆ ಬಂದು, ಅಂತರ್ಯುದ್ಧದಲ್ಲಿ ಸೈನಿಕನಾಗಿ, ಅನಂತರ ಷಿಕಾಗೊ ನಗರದಲ್ಲಿ ವಕೀಲನೂ ನ್ಯಾಯಾಧೀಶನೂ ಆದ ಡೆಮಾಕ್ರಟಿಕ್ ಪಕ್ಷದ ಆಲ್ಟ್‌ಗೆಲ್ಡನು 1893ರಿಂದ 1897ರ ವರೆಗೆ ಇಲಿನಾಯ್ ರಾಜ್ಯದ ಗವರ್ನರನಾಗಿದ್ದನು. ಪರೀಕ್ಷಾರ್ಥಿಗಳು ಮುಖ್ಯವಾಗಿ ನೆನಪಿಡಬೇಕಾದುದು 1893ರ ಜೂನ್ 26ರ ಕ್ಷಮಾದಾನವನ್ನು: 1886ರ ಹೇಮಾರ್ಕೆಟ್ ಬಾಂಬ್ ಪ್ರಕರಣದಲ್ಲಿ (ಮೇ ದಿನದ ಪ್ರಶ್ನೆಗಳಲ್ಲಿ ಬರುವ ಹೇಮಾರ್ಕೆಟ್ ಇದೇ) ನಾಲ್ವರು ಗಲ್ಲಿಗೇರಿದ ಮೇಲೆಯೂ ಸೆರೆಯಲ್ಲಿ ಉಳಿದಿದ್ದ ಫೀಲ್ಡನ್, ನೀಬಿ, ಶ್ವಾಬ್ ಎಂಬ ಮೂವರನ್ನು, ಬರಿಯ ಕರುಣೆಯಿಂದಲ್ಲ, ಜೂರಿಯ ಆಯ್ಕೆಯೇ ಪಕ್ಷಪಾತದ್ದು, ವಿಚಾರಣೆ ನಡೆಸಿದ ನ್ಯಾಯಾಧೀಶನೇ ಪೂರ್ವಗ್ರಹಪೀಡಿತನು ಎಂದು ಸುದೀರ್ಘವಾಗಿ ಕಾರಣಗಳನ್ನು ಬರೆದು ಬಿಡುಗಡೆ ಮಾಡಿದನು. ಪತ್ರಿಕೆಗಳು ಅವನ ಮೇಲೆ ಮುಗಿಬಿದ್ದವು. 1894ರ ಪುಲ್‌ಮನ್ ಮುಷ್ಕರದಲ್ಲಿ ಅಧ್ಯಕ್ಷ ಕ್ಲೀವ್‌ಲೆಂಡನು ತನ್ನದೇ ಪಕ್ಷದವನಾದರೂ, ಅವನು ಕೇಂದ್ರಸೇನೆಯನ್ನು ಕಳುಹಿದುದನ್ನು ಪ್ರತಿಭಟಿಸಿದ ಈತ, 1896ರ ಚುನಾವಣೆಯಲ್ಲಿ ಸೋತನು.