ಎಡಗಾಲಿಗೆ ಯಾವ ಸೀಟು?

ಹಲಬರ್ಗಾದ ತಂಗಿಗೆ,

ಎಡಗಾಲಿಗೆ ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿಸಿಕೊಂಡ ಅಪ್ಪಾಜಿಯವರನ್ನು ಶಂಷಾಬಾದಿನಿಂದ ವಿಮಾನದಲ್ಲಿ ದೆಹಲಿಗೆ ಕರೆದೊಯ್ಯಬೇಕು, ಕಾಲು ಚಾಚಲು ತುರ್ತು ಬಾಗಿಲಿನ ಸಾಲು ಹಿಡಿಯಲೇ ಎಂದು ಕೇಳಿದ್ದೀರಿ. ಬೇಡಮ್ಮ. ಅವಘಡವಾದರೆ ಬಾಗಿಲು ತೆರೆದು ನೆರವಾಗಬಲ್ಲವರಿಗಷ್ಟೇ ಆ ಸಾಲು. ದುಡ್ಡು ಕೊಟ್ಟು ಕೂತರೂ ಅಲ್ಲಿಂದ ಎಬ್ಬಿಸುತ್ತಾರೆ.

ಸಾಲಿಗೆ ಆರು ಸೀಟಿರುವ ವಿಮಾನದಲ್ಲಿ 'ಡಿ' ಸೀಟು ತಗೊಳ್ಳಿ. ನಡುದಾರಿ ಅವರ ಎಡಕ್ಕೆ ಬರುತ್ತದೆ, ನೊಂದ ಕಾಲನ್ನು ಆಗಾಗ ಆ ಕಡೆ ಚಾಚಬಹುದು. ಬಲಗಾಲಾಗಿದ್ದರೆ 'ಸಿ' ಹೇಳುತ್ತಿದ್ದೆ. ವಿಮಾನ ಏರುವಾಗ, ಇಳಿಯುವಾಗ, ತಿಂಡಿ ಗಾಡಿ ಬಂದಾಗ ಮಾತ್ರ ಕಾಲು ಒಳಗಿರಲೇಬೇಕು. 'ಇ' ಸೀಟಿನಲ್ಲಿ ನೀವೇ ಕೂತುಕೊಳ್ಳಿ, ಕಿಟಕಿ ಬದಿಯವರು ದಾಟುವಾಗ ಅವರ ಕಾಲಿಗೆ ತಗುಲದಂತೆ ನೋಡಿಕೊಳ್ಳಬಹುದು. ಮೊದಲ ಸಾಲಿನ ಆಸೆಯೂ ಬೇಡ: ಎದುರಿಗೆ ಗೋಡೆ, ಕಾಲು ತೂರಿಸಲು ಸೀಟಿನಡಿಯ ಜಾಗವೇ ಇಲ್ಲ.

ಸೀಟಿಗಿಂತ ನನಗೆ ಹೆಚ್ಚು ಆತಂಕ ಪ್ಲಾಸ್ಟರಿನದು. ಹಾಕಿ 48 ಗಂಟೆ ಆಗಿಲ್ಲವೆಂದರೆ ಹೊರಡಬೇಡಿ. ಹೊಸ ಗಾಯದ ಕಾಲು ಬಾತುಕೊಂಡರೆ ಪ್ಲಾಸ್ಟರ್ ಬಿಗಿದು ರಕ್ತ ಓಡಾಡದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಬೇಕೇ ಎಂದು ಮೂಳೆ ಡಾಕ್ಟರನ್ನು ಕೇಳಿ, ಪ್ರಯಾಣಕ್ಕೆ ಅಡ್ಡಿಯಿಲ್ಲವೆಂಬ ಚೀಟಿಯನ್ನೂ ಬರೆಸಿಕೊಳ್ಳಿ.

ವ್ಹೀಲ್‌ಚೇರ್ ಬೇಕೆಂದು ವಿಮಾನ ಸಂಸ್ಥೆಗೆ ಎರಡು ದಿನ ಮೊದಲೇ ತಿಳಿಸಿ. "ಮೆಟ್ಟಿಲು ಹತ್ತಲು ಆಗೋದಿಲ್ಲ" ಎಂದು ಬಿಡಿಸಿ ಹೇಳಿ. ಇಲ್ಲವಾದರೆ ಕುರ್ಚಿ ಏಣಿಯ ಬುಡಕ್ಕೇ ನಿಂತೀತು. ವಿಮಾನ ನಿಲ್ದಾಣಕ್ಕೆ ಹೋಗುವ ಜಹೀರಾಬಾದ್ ದಾರಿಯಲ್ಲಿ ಕಾರಿನ ಹಿಂದಿನ ಸೀಟು ಪೂರ್ತಿ ಅವರಿಗೇ ಬಿಡಿ, ಹಿಮ್ಮಡಿ ಕೆಳಗೊಂದು ದಿಂಬು ಇಡಿ.